ಹತ್ತು ತೆನೆಯ ಜಡೆ

ಮುಸುಕಿನ ಜೋಳದ ಕಟಾವು ಮುಗಿದು ಮೂರು ದಿನವಾಗಿತ್ತು. ಚಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊತ್ತು ಏರುವ ತನಕ ಅಂಗಳದ ಕಲ್ಲು ತಣ್ಣಗೆ ಕೊರೆಯುತ್ತಿತ್ತು, ಆಮೇಲೆ ಕಾಲಿಡಲು ಹಿತವಾಗುತ್ತಿತ್ತು. ಅಂಗಳದ ನಡುವೆ ಮೊಣಕಾಲೆತ್ತರ ತೆನೆಯ ರಾಶಿ. ಈಚೆಗೆ ಅತ್ತೆ, ಎದುರಿಗೆ ಸೊಸೆ. ತೆನೆಯ ಸಿಪ್ಪೆಯನ್ನು ಕಿತ್ತು ಎಸೆಯದೆ ಹಿಂದಕ್ಕೆ ಸುಲಿದು, ಒಂದರ ಸಿಪ್ಪೆಗೆ ಇನ್ನೊಂದರದ್ದನ್ನು ಸೇರಿಸಿ ಹೆಣೆಯುತ್ತ ಹೋಗಬೇಕು. ಹತ್ತು ತೆನೆಗೆ ಒಂದು ಜಡೆ. ಹತ್ತು ಜಡೆಯಾದರೆ ಒಂದು ಗಳ ತುಂಬಿತು. ಅದನ್ನು ಸೂರಿನಡಿ ಏರಿಸಬೇಕು. ಹೀಗೆ ಕಟ್ಟಿದರೆ ಇಲಿ ಮುಟ್ಟುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಅತ್ತೆಯ ಬೆರಳಿಗೆ ಈ ಎಣಿಕೆ ಎಷ್ಟು ಒಗ್ಗಿತ್ತೆಂದರೆ ಅವಳು ಯಾರನ್ನೋ ಬೈಯುತ್ತಲೇ ಹೆಣೆಯುವಳು, ಹತ್ತನೆಯ ತೆನೆಗೆ ಗಂಟು ತಾನಾಗಿ ಬೀಳುವುದು.

ಜೋಳದ ಜಡೆಗೆ ಕೂರುವ ಮುಂಚೆ ಅವಳದು ಇನ್ನೊಂದು ಜಡೆಯ ಕೆಲಸ. ಹತ್ತು ವರ್ಷದ ಮೊಮ್ಮಗಳು ಬಾಚಣಿಗೆ ಹಿಡಿದು ಬಂದು ಅಜ್ಜಿಯ ಮೊಣಕಾಲುಗಳ ನಡುವೆ ಬೆನ್ನು ಹಾಕಿ ಕೂರುವಳು. ಎರಡು ಜಡೆ, ನೆತ್ತಿಯ ಮೇಲೆ ಗೆರೆ ಎಳೆದ ಹಾಗೆ ಬೈತಲೆ. ಆ ಕೂದಲಿಗೆ ಬೇರೆ ಯಾರ ಕೈಯೂ ತಾಗಿದ್ದಿಲ್ಲ. ಮಗು ಎಂಟು ತಿಂಗಳ ಕೂಸಾಗಿದ್ದಾಗ ಸೊಸೆ ಶಿಕ್ಷಕರ ತರಬೇತಿಗೆಂದು ಪಟ್ಟಣದ ಹಾಸ್ಟೆಲ್ ಸೇರಿದ್ದಳು. ಮಗ ಲಾರಿ ಓಡಿಸುವವನು, ತಿಂಗಳಿಗೆ ಎರಡು ಸಲ ಮುಖ ತೋರಿಸುವವನು. ಕೂಸನ್ನು ಸಾಕಿದ್ದು ಅತ್ತೆ. ಬೆಳಿಗ್ಗೆ ಶಾಲೆಗೆ ಕರೆದೊಯ್ದು ತರಗತಿಯ ಮೂಲೆಯಲ್ಲಿ ತೊಟ್ಟಿಲು ಕಟ್ಟಿ, ಪಾಠ ಮಾಡುತ್ತಲೇ ಕಾಲಲ್ಲಿ ತೂಗಿದ್ದಳು. ಎರಡು ವರ್ಷ. ಆ ಎರಡು ವರ್ಷವನ್ನು ಅವಳು ಮರೆತಿರಲಿಲ್ಲ, ಮರೆಯಲು ಯಾರನ್ನೂ ಬಿಟ್ಟಿರಲಿಲ್ಲ.

ಊರಿನಲ್ಲಿ ಅವಳು ಲೆಕ್ಕದ ಟೀಚರ್. ಇಪ್ಪತ್ತಾರು ವರ್ಷದಿಂದ ಅದೇ ಶಾಲೆ, ಅದೇ ಐದನೇ ತರಗತಿ. ಅಂಗಡಿಯವನು, ಹಾಲು ಅಳೆಯುವವನು, ಬಸ್ಸಿನ ಕಂಡಕ್ಟರು, ಎಲ್ಲ ಅವಳ ಕೈಯ ಏಟು ತಿಂದವರೇ. ತಿಂದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೇ. ನಿವೃತ್ತಿಗೆ ಇನ್ನೆರಡು ವರ್ಷ. ಅಲ್ಲಿಯವರೆಗೆ ಅದೇ ಕೋಣೆಯಲ್ಲಿ, ಅದೇ ಹಲಗೆಯ ಮುಂದೆ ನಿಂತು ಮುಗಿಸಿಬಿಟ್ಟರೆ ಸಾಕು, ಬೇರೆ ಆಸೆಯೇನೂ ಅವಳಿಗೆ ಇರಲಿಲ್ಲ.

ಆದರೆ ಹಿಂದಿನ ವರ್ಷ ಇಲಾಖೆಯವರು ಎಲ್ಲ ಶಾಲೆಗಳ ಐದನೇ ತರಗತಿಗೆ ಪರೀಕ್ಷೆ ಇಟ್ಟು ನೋಡಿದರು. ಮೂವರಲ್ಲಿ ಒಬ್ಬರಿಗೂ ಭಾಗಾಕಾರ ಬರುತ್ತಿರಲಿಲ್ಲ. ಮಕ್ಕಳಿಗೆ ಬಾರದಿದ್ದರೆ ಮೊದಲು ಟೀಚರುಗಳನ್ನು ತಿದ್ದಬೇಕೆಂದು ತೀರ್ಮಾನವಾಗಿ, ಹದಿನಾರು ಶಾಲೆಗೆ ಒಬ್ಬರಂತೆ ಗಣಿತದ ಮಾರ್ಗದರ್ಶಕರನ್ನು ಹಾಕಿದರು. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಬೇಕು, ಫೋನಿನಲ್ಲಿ ವಿಡಿಯೊ ಚಿತ್ರ ಹಿಡಿಯಬೇಕು, ಪಾಠ ಮುಗಿದ ಮೇಲೆ ಟೀಚರ ಜೊತೆ ಕೂತು ತಿದ್ದಬೇಕು. ನಡುವೆ ಮಾತ್ರ ಏನಾದರೂ ಆಗಲಿ ಬಾಯಿ ಹಾಕುವಂತಿಲ್ಲ. ಒಂದು ಶಾಲೆಗೆ ಮೂರು ಭೇಟಿ. ಮೂರರೊಳಗೆ ಫಾರಮ್ಮಿನಲ್ಲಿ ‘ಸುಧಾರಣೆ’ ಎಂದು ಗುರುತು ಬೀಳದಿದ್ದರೆ ಆ ಟೀಚರಿಗೆ ಉಗ್ರಾಣದ ಬೀಗದ ಕೈ ಮತ್ತು ಹಾಜರಿ ಪುಸ್ತಕ, ತರಗತಿ ಬೇರೆಯವರಿಗೆ.

ಈ ಸುತ್ತಿನ ಮಾರ್ಗದರ್ಶಕಿ ಸೊಸೆಯೇ. ಅವಳ ಹದಿನಾರು ಶಾಲೆಗಳಲ್ಲಿ ಅತ್ತೆಯ ಶಾಲೆಯೂ ಒಂದು. ಅದೊಂದನ್ನು ಬೇರೆಯವರಿಗೆ ಕೊಡಿ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

“ಇವತ್ತು ಎಲ್ಲಿಗೆ ಮೇಡಂ ಅವರ ಸವಾರಿ?” ಅತ್ತೆ ತೆನೆಯಿಂದ ಕಣ್ಣೆತ್ತದೆ ಕೇಳಿದಳು.

“ನಿಮ್ಮ ಶಾಲೆಗೇ ಅತ್ತೆ.”

“ಬಾ, ಬಾ. ನಾನು ಬೇಯಿಸಿದ್ದು ಉಂಡು ನನಗೇ ಮಾರ್ಕು ಹಾಕುವಂತೆ ಬಾ. ಎಂಟು ತಿಂಗಳ ಕೂಸನ್ನ ನನ್ನ ಮಡಿಲಿಗೆ ಹಾಕಿ ಹೋಗಿದ್ದಕ್ಕೇ ಅಲ್ವಾ ಈ ಕೆಲಸ ಸಿಕ್ಕಿದ್ದು. ಅದಕ್ಕೂ ಒಂದು ಗೆರೆ ಇದೆಯಾ ನಿನ್ನ ಫಾರಮ್ಮಲ್ಲಿ?”

ಸೊಸೆ ಎಂಟನೆಯ ತೆನೆಯಲ್ಲಿದ್ದಳು. ಹತ್ತು ಮುಗಿಸಿ, ಗಂಟು ಹಾಕಿ, ಕೈ ಕೊಡವಿ ಎದ್ದಳು.

ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಸುಣ್ಣ ಉದುರಿದ ಗೋಡೆ, ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಮೇಜು. ಲೆಕ್ಕದಲ್ಲಿ ಹಿಂದೆ ಬಿದ್ದವರನ್ನು ಅತ್ತೆ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಅದಕ್ಕೆ ಮಕ್ಕಳು ಗೋಡೆಸಾಲು ಎನ್ನುತ್ತಿದ್ದರು. ವರ್ಷಗಟ್ಟಲೆ ತಲೆ ಒರಗಿ ಅಲ್ಲಿನ ಸುಣ್ಣದ ಮೇಲೆ ಎಣ್ಣೆಜಿಡ್ಡಿನ ಒಂದು ಪಟ್ಟಿಯೇ ಮೂಡಿತ್ತು. ಮೊಮ್ಮಗಳು ಮೂರನೆಯ ಬೆಂಚಿನಲ್ಲಿ ಕೂರುವಳು, ಶಾಲೆಯೊಳಗೆ ಅವಳೂ ಅಜ್ಜಿಯನ್ನು ಟೀಚರ್ ಎಂದೇ ಕರೆಯಬೇಕು. ಸೊಸೆ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಿಟಕಿಯ ಕಂಬಿಗೆ ಫೋನ್ ಒರಗಿಸಿದಳು.

ಪಾಠ ಶುರುವಾಯಿತು. ಭಾಗಿಸು, ಗುಣಿಸು, ಕಳೆ, ಇಳಿಸು. ಈ ನಾಲ್ಕು ಮಾತನ್ನು ಮಕ್ಕಳು ಒಂದೇ ರಾಗದಲ್ಲಿ ಕೂಗುವುದು, ಅತ್ತೆ ಹಲಗೆಯ ಮೇಲೆ ಹಾಗೇ ಮಾಡುತ್ತ ಹೋಗುವುದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ನಡೆಯಲು ಕಾರಣ, ಅವಳ ಪಠ್ಯಪುಸ್ತಕದಲ್ಲಿ ಕೆಲವು ಲೆಕ್ಕಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗೆರೆ ಇರುತ್ತಿತ್ತು. ಅವು ಬಂದಾಗ, ಇದು ಪರೀಕ್ಷೆಗೆ ಬರಲ್ಲ, ಬಿಡಿ, ಎಂದು ಮುಂದೆ ಹೋಗುವಳು. ಪುಸ್ತಕ ಬದಲಾದಾಗಲೆಲ್ಲ ಅಡ್ಡಗೆರೆಗಳೂ ಹೊಸ ಪುಸ್ತಕಕ್ಕೆ ಬರುತ್ತಿದ್ದವು. ಉತ್ತರದ ನಡುವೆ ಸೊನ್ನೆ ಬರುವ ಭಾಗಾಕಾರಗಳು ಅವು. ಆ ಸೊನ್ನೆ ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲ ಎಂಬುದು ಗೊತ್ತಾಗುತ್ತದಲ್ಲ. ಮೊದಲ ವರ್ಷ ಕೇಳದಿದ್ದದ್ದನ್ನು ಹತ್ತನೆಯ ವರ್ಷ ಕೇಳುವುದು ಹೇಗೆ?

ಮಾರ್ಗದರ್ಶಕರ ಎದುರಿನ ಪಾಠದಲ್ಲಿ ಲೆಕ್ಕ ಬಿಡುವಂತಿರಲಿಲ್ಲ, ಪುಸ್ತಕದ ಅಭ್ಯಾಸದಲ್ಲಿದ್ದ ಕ್ರಮದಲ್ಲೇ ಎಲ್ಲ ಮಾಡಬೇಕಿತ್ತು. ಏಳನೆಯದು ಆರುನೂರ ಹನ್ನೆರಡನ್ನು ಆರರಿಂದ ಭಾಗಿಸುವುದು. ಸೀಮೆಸುಣ್ಣ ಸ್ವಲ್ಪ ನಿಧಾನವಾಯಿತು. ಆರೊಂದ್ಲಿ ಆರು, ಕಳೆದರೆ ಏನೂ ಇಲ್ಲ. ಒಂದನ್ನು ಇಳಿಸಿದಳು. ಒಂದರಲ್ಲಿ ಆರು ಹೋಗುವುದಿಲ್ಲ. ಇನ್ನೊಮ್ಮೆ ಇಳಿಸು, ಎಂದು ಮಕ್ಕಳು ಕೂಗಿದರು. ಎರಡನ್ನೂ ಇಳಿಸಿದಳು. ಆರೆರಡ್ಲಿ ಹನ್ನೆರಡು. ಮೇಲೆ ಒಂದರ ಪಕ್ಕ ಎರಡು ಬರೆದಳು. ಉತ್ತರ ಹನ್ನೆರಡು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕದ ಕೊನೆಯ ಪುಟ ತಿರುವಿ ಎದ್ದು ನಿಂತಳು. “ಟೀಚರ್, ಹಿಂದೆ ನೂರಾ ಎರಡು ಅಂತ ಇದೆ.”

“ಅಚ್ಚಿನ ತಪ್ಪು,” ಎಂದಳು ಅತ್ತೆ. “ಎಲ್ಲರೂ ಹೊಡೆದುಹಾಕಿ ಹನ್ನೆರಡು ಅಂತ ತಿದ್ಕೊಳ್ಳಿ.”

ಮೂವತ್ತೆರಡು ಮಕ್ಕಳು ತಲೆ ಬಗ್ಗಿಸಿ, ಸರಿಯಾದ ಉತ್ತರವನ್ನು ಹೊಡೆದುಹಾಕಿ ತಿದ್ದಿಕೊಂಡರು. ಸೊಸೆ ತನ್ನ ಮಗಳ ಭುಜ ಅಲುಗುವುದನ್ನು ಹಿಂದಿನಿಂದ ನೋಡಿದಳು.

ಪಾಠವಾದ ಮೇಲೆ ವರಾಂಡದ ಬೆಂಚಿನಲ್ಲಿ ಇಬ್ಬರೂ ಕೂತರು. ಮೊದಲು ಎರಡು ಒಳ್ಳೆಯ ಮಾತು ಹೇಳಬೇಕೆಂದು ಫಾರಮ್ಮಿನಲ್ಲೇ ಇತ್ತು. ಸೊಸೆ ಹೇಳಿದಳು: ಅಕ್ಷರ ದುಂಡಗಿದೆ, ಮಕ್ಕಳು ಶಿಸ್ತಾಗಿದ್ದಾರೆ. ಆಮೇಲೆ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ತನ್ನನ್ನು ತಾನು ನೋಡಿದಳು. ಹನ್ನೆರಡನ್ನು ಆರರಿಂದ ಗುಣಿಸಿ ನೋಡಿ ಎಂದಾಗ ಗುಣಿಸಿದಳು. ಎಪ್ಪತ್ತೆರಡು. ಕುತ್ತಿಗೆಯಿಂದ ಕೆಂಪು ಏರಿತು.

“ಇದನ್ನ ಯಾರಿಗೆ ತೋರಿಸ್ತೀಯ?”

“ಯಾರಿಗೂ ಇಲ್ಲ ಅತ್ತೆ. ನಾವಿಬ್ಬರೇ ನೋಡೋದು. ಇದು ಕಲಿಯೋಕೆ ಮಾತ್ರ.”

“ಆಣೆ?”

“ಆಣೆ.”

ಆ ವಾರವೆಲ್ಲ ಅತ್ತೆ ಊಟ ಬಡಿಸುವಾಗ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಅದಕ್ಕಿಂತ ದೊಡ್ಡ ಸದ್ದು ಬೇರೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ಸೊಸೆ ಅಂಗಳದಲ್ಲಿ ಆರು ಗಳ, ಒಂದು ಜಡೆ, ಎರಡು ಬಿಡಿ ತೆನೆ ಸಾಲಾಗಿ ಇಟ್ಟಳು. ಇದು ಆರುನೂರ ಹನ್ನೆರಡು ತೆನೆ ಅತ್ತೆ, ಆರು ಮನೆಗೆ ಸಮನಾಗಿ ಹಂಚಿಕೊಡಿ, ಎಂದಳು. ಹಂಚುವುದು ಅತ್ತೆಗೆ ಹೊಸದಲ್ಲ. ಮನೆಗೊಂದು ಗಳ ಇಟ್ಟಳು. ಆಮೇಲೆ ಆ ಒಂಟಿ ಜಡೆಯನ್ನು ಕೈಗೆತ್ತಿಕೊಂಡು ನಿಂತಳು.

“ಇದನ್ನ ಯಾರಿಗೆ ಕೊಡ್ಲಿ? ಒಬ್ಬರಿಗೆ ಕೊಟ್ಟರೆ ಐದು ಮನೆಗೆ ಇಲ್ಲ.”

“ಹಾಗಾದರೆ ಒಂದೊಂದು ಮನೆಗೆ ಎಷ್ಟು ಜಡೆ ಹೋಯ್ತು?”

“ಒಂದೂ ಇಲ್ಲ.”

“ಅದನ್ನ ಬರೀರಿ.”

ಗಳ ಹಂಚಿದಾಗಲೇ ಅತ್ತೆ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದರ ಅಂಕೆ ಬರೆದಿದ್ದಳು. ಅದರ ಪಕ್ಕದಲ್ಲಿ ಸೊನ್ನೆ ಬರೆದಳು. ಬರೆದು ಕೈ ಅಲ್ಲೇ ನಿಂತಿತು. ಆಮೇಲೆ ಯಾರೂ ಹೇಳದೆಯೇ ಜಡೆಯ ಗಂಟು ಬಿಚ್ಚಿ, ಹತ್ತು ತೆನೆ ಬಿಡಿಸಿ, ಎರಡರ ಜೊತೆ ಸೇರಿಸಿ, ಮನೆಗೆ ಎರಡೆರಡು ಇಟ್ಟಳು. ನೂರಾ ಎರಡು. ಐವತ್ತೆಂಟು ವರ್ಷದ ಹೆಂಗಸು, ಸಿಪ್ಪೆಯ ಚೂರುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಆ ಸೊನ್ನೆಯನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಇದನ್ನು ಕೈಯಲ್ಲಿ ಮಾಡಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

“ಇಷ್ಟೇನಾ,” ಎಂದಳು. ಕೈಯ ಸೀಮೆಸುಣ್ಣ ಕೊಡವಿ, “ಇಷ್ಟಕ್ಕೇ ನೀನು ಎರಡು ವರ್ಷ ಹಾಸ್ಟೆಲಲ್ಲಿ ಕೂತಿದ್ದಾ?”

ಸೊಸೆ ನಕ್ಕಳು. ಅತ್ತೆಯೂ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಹೆಚ್ಚು ಸಲವಲ್ಲ.

ಎರಡನೆಯ ಭೇಟಿಗೆ ಅತ್ತೆ ತೆನೆ, ಜಡೆ, ಗಳ ಎಲ್ಲವನ್ನೂ ತರಗತಿಗೆ ಹೊರಿಸಿಕೊಂಡು ಬಂದಳು. ಅಂಥ ಪಾಠವನ್ನು ಸೊಸೆ ಹದಿನಾರು ಶಾಲೆಗಳಲ್ಲಿ ಎಲ್ಲೂ ಕಂಡಿರಲಿಲ್ಲ. ಮಕ್ಕಳೇ ಆರು ಮನೆಯವರಾದರು, ಜಡೆಗಾಗಿ ಜಗಳವಾಡಿದರು, ಕೊನೆಗೆ ತಾವೇ ಬಿಚ್ಚಿ ಹಂಚಿಕೊಂಡರು. ಮಾರ್ಗದರ್ಶಕಿ ‘ಉತ್ತಮ ಸುಧಾರಣೆ’ ಎಂದು ಗುರುತು ಹಾಕಿಯೂ ಆಗಿತ್ತು.

ಕೊನೆಯ ಹತ್ತು ನಿಮಿಷ ಉಳಿದಿದ್ದಾಗ ಅತ್ತೆ, ಈಗ ಪುಸ್ತಕದಲ್ಲಿ ಮಾಡಿ, ಎಂದು ಎಂಟುನೂರ ಇಪ್ಪತ್ತನಾಲ್ಕನ್ನು ಎಂಟರಿಂದ ಭಾಗಿಸಲು ಕೊಟ್ಟಳು. ನೂರಾ ಮೂರು ಬರಬೇಕಿತ್ತು. ಹನ್ನೊಂದು ಮಕ್ಕಳು ಹದಿಮೂರು ಬರೆದಿದ್ದರು. ಕೈ ಹಳೆಯ ರಾಗದಲ್ಲೇ ಓಡಿತ್ತು. ಆ ಹನ್ನೊಂದು ಮಂದಿಯನ್ನು ಅವಳು ಗೋಡೆಸಾಲಿನಲ್ಲಿ ನಿಲ್ಲಿಸಿದಳು. ಮೇಜಿನ ಖಾನೆಯಿಂದ ಬೆತ್ತ ತೆಗೆದಳು.

“ಸೊನ್ನೆ ಎಲ್ಲಿ ಹೋಯ್ತು? ತಿಂದುಬಿಟ್ರಾ? ಇಷ್ಟು ಹೊತ್ತು ಕಣ್ಣಿಗೆ ಹೊಡೆದ ಹಾಗೆ ತೋರಿಸಿದ್ದೀನಿ.”

ಒಬ್ಬೊಬ್ಬರಿಗೂ ಎರಡೆರಡು, ಅಂಗೈಯ ಮೇಲೆ. ಹದಿನೈದು ದಿನದ ಹಿಂದೆ ಇದೇ ತಪ್ಪನ್ನು ತಾನೇ ತಿದ್ದಿಸಿ ಬರೆಸಿದ್ದು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಹೊಸದಾಗಿ ಕಲಿತವರ ಹುರುಪು ಇತ್ತು. ತಾನು ದಾಟಿ ಬಂದ ಹಳ್ಳದ ಆಚೆ ದಡದಲ್ಲಿ ನಿಂತವರನ್ನು ಕಂಡರೆ ಬರುವ ತಾತ್ಸಾರ ಇತ್ತು. ಸಾಲಿನ ಏಳನೆಯವಳು ಮೊಮ್ಮಗಳು. ಅವಳಿಗೆ ಎರಡರ ಬದಲು ನಾಲ್ಕು ಬಿತ್ತು. ಮನೆಯ ಮಗು ಎಂದು ಬಿಟ್ಟರು ಅಂತ ಯಾರೂ ಅನ್ನಬಾರದಲ್ಲ. ನಾಲ್ಕನೆಯದಕ್ಕೆ ಹುಡುಗಿ ಹಿಂದಿನ ಬೆಂಚಿನ ಕಡೆ ನೋಡಿದಳು.

ಸೊಸೆ ಪೆನ್ನು ಹಿಡಿದು ಕೂತೇ ಇದ್ದಳು. ಪಾಠದ ನಡುವೆ ಬಾಯಿ ಹಾಕುವ ಹಾಗಿಲ್ಲ. ಫಾರಮ್ಮಿನಲ್ಲಿ ಇದಕ್ಕೊಂದು ಗೆರೆಯೂ ಇರಲಿಲ್ಲ. ಹಾಕಿದ್ದ ಗುರುತನ್ನು ಅವಳು ಹೊಡೆದುಹಾಕಲಿಲ್ಲ.

ಸಂಜೆ ಮಗಳ ಅಂಗೈಯನ್ನು ತಣ್ಣೀರಿನಲ್ಲಿ ಅದ್ದಿಸಿ ಕೂರಿಸಿದಾಗ, ಹುಡುಗಿ ಇನ್ನೊಂದು ಕೈಯಿಂದ ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದಳು. ನೂರಾ ಎರಡರ ಮೇಲೆ ಗೆರೆ, ಪಕ್ಕದಲ್ಲಿ ಹನ್ನೆರಡು, ಅವಳದೇ ಅಕ್ಷರ. “ಅಜ್ಜಿ ಹೇಳಿದ ಹಾಗೇ ಬರೆದೆ ಅಲ್ವಾಮ್ಮ?” ಎಂದಳು. ಅಳುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

ಸೊಸೆ ಆ ಪುಸ್ತಕ ಹಿಡಿದು ಅಂಗಳಕ್ಕೆ ಬಂದಳು. ಅತ್ತೆ ಹೆಣೆಯುತ್ತಿದ್ದಳು.

“ಅತ್ತೆ, ನಾಳೆ ಮಕ್ಕಳಿಗೆ ಒಂದು ಮಾತು ಹೇಳಿ. ನಾನು ಮೊದಲು ತಪ್ಪು ಹೇಳಿಕೊಟ್ಟಿದ್ದೆ ಅಂತ. ಒಂದೇ ಸಲ. ಸಾಕು.”

“ಟೀಚರ್ ಬಾಯಲ್ಲಿ ಅದು ಬಂದ ದಿನ ಆ ಕೋಣೆ ಮುಗೀತು. ನೀನಿನ್ನೂ ಮೊನ್ನೆ ಬಂದವಳು, ನಿನಗೆ ಗೊತ್ತಾಗಲ್ಲ.”

“ಇವಳ ಕೈ ನೋಡಿದ್ರಾ?”

“ಆ ಕೈಯ ಉಗುರು ಕತ್ತರಿಸಿದೋಳು ನಾನು. ಜ್ವರದಲ್ಲಿ ರಾತ್ರಿಯೆಲ್ಲ ಹಿಡ್ಕೊಂಡು ಕೂತೋಳು ನಾನು. ನೀನು ಎಲ್ಲಿದ್ದೆ ಆವಾಗ? ಎರಡು ವರ್ಷದ ಋಣ ತಲೆ ಮೇಲಿಟ್ಟುಕೊಂಡು ನನಗೆ ಬುದ್ಧಿ ಹೇಳೋಕೆ ಬರಬೇಡ.” ಹತ್ತನೆಯ ತೆನೆಗೆ ಗಂಟು ಬಿತ್ತು.

ಸೊಸೆ ಪುಸ್ತಕ ಮುಚ್ಚಿ ಒಳಗೆ ಹೋದಳು.

ತಿಂಗಳ ಕೊನೆಯ ಶನಿವಾರ ಹದಿನಾರು ಶಾಲೆಗಳ ಗಣಿತ ಟೀಚರುಗಳ ಸಭೆ. ನಲವತ್ತು ಕುರ್ಚಿ, ಬಿಳಿ ಪರದೆ, ಕಿಟಕಿಗೆ ರಟ್ಟು ಅಂಟಿಸಿ ಕತ್ತಲು ಮಾಡಿದ ಹಾಲ್. ಅತ್ತೆ ಒಳ್ಳೆಯ ಬಟ್ಟೆ ಉಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದಳು. ತೆನೆಯ ಪಾಠವನ್ನು ಎಲ್ಲರಿಗೂ ತೋರಿಸುತ್ತಾರೆಂದು ಹೆಡ್‌ಮಾಸ್ತರು ಮೊದಲೇ ಹೇಳಿದ್ದರು. ಪಕ್ಕದವಳಿಗೆ ಅವಳೇ ಹೇಳಿದ್ದಳು, ನೋಡಿ, ಮಜವಾಗಿದೆ.

ಸೊಸೆ ಎದ್ದು ನಿಂತು, ಸುಧಾರಣೆ ಕಾಣಬೇಕಾದರೆ ಮೊದಲು ಹೇಗಿತ್ತು ಎಂಬುದನ್ನೂ ನೋಡಬೇಕು ಎಂದಳು. ದನಿ ಸಭ್ಯವಾಗಿತ್ತು. ಪರದೆಯ ಮೇಲೆ ಅತ್ತೆಯ ಬೆನ್ನು ಕಂಡಿತು. ಆರುನೂರ ಹನ್ನೆರಡು. ಇನ್ನೊಮ್ಮೆ ಇಳಿಸು. ಹನ್ನೆರಡು. ಹುಡುಗಿ ಎದ್ದು ನಿಂತಳು. ಅಚ್ಚಿನ ತಪ್ಪು, ಎಲ್ಲರೂ ಹೊಡೆದುಹಾಕಿ ತಿದ್ಕೊಳ್ಳಿ.

ಮೊದಲು ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಹಾಲ್ ಪೂರ್ತಿ ನಕ್ಕಿತು. ನಕ್ಕವರಲ್ಲಿ ಎಷ್ಟೋ ಮಂದಿ ಆ ಸೊನ್ನೆಯ ಜಾಗವನ್ನು ಅಂದೇ ಮೊದಲು ಕಂಡವರು. ಅವರೇ ಜಾಸ್ತಿ ಜೋರಾಗಿ ನಕ್ಕರು. ಅತ್ತೆ ತಿರುಗಿ ನೋಡಲಿಲ್ಲ. ತೆನೆಯ ಪಾಠ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬೆತ್ತದ ಭಾಗವನ್ನು ಸೊಸೆ ಕತ್ತರಿಸಿದ್ದಳು. ಅದನ್ನು ಉಳಿಸಿದ್ದರೆ, ನೋಡುತ್ತ ಕೂತಿದ್ದ ಮಾರ್ಗದರ್ಶಕಿಯನ್ನೂ ಜನ ಪ್ರಶ್ನಿಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಇಲಾಖೆಯ ಸಾಹೇಬರು ಎದ್ದು, ಇಂಥ ಮಾರ್ಗದರ್ಶಕಿ ಎಲ್ಲ ಸುತ್ತಿಗೂ ಬೇಕು, ಈ ಎರಡೂ ಚಿತ್ರವನ್ನು ಎಲ್ಲ ತರಬೇತಿಯಲ್ಲೂ ತೋರಿಸೋಣ, ಎಂದರು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು, ಬೇರೆ ಜಾಗವಿರಲಿಲ್ಲ.

“ನಾವಿಬ್ಬರೇ ನೋಡೋದು ಅಂದಿದ್ದೆ,” ಎಂದಳು ಅತ್ತೆ.

“ಅಂದಿದ್ದೆ. ಒಂದು ಸಲ ಹೇಳಿ ಅಂತ ನಾನೂ ಕೇಳಿದ್ದೆ.”

ಬಸ್ಸು ಎರಡು ನಿಲ್ದಾಣ ದಾಟಿತು. ಸೊಸೆ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು, “ಆ ಎರಡು ವರ್ಷ ಇವತ್ತಿಗೆ ತೀರಿತು ಅಂದ್ಕೊಳ್ಳಿ ಅತ್ತೆ. ಮಗಳ ಕೈಗೆ ಬಿದ್ದ ಏಟಿಗೂ ಅದಕ್ಕೂ ಸರಿಹೋಯ್ತು. ಇನ್ನು ಆ ಮಾತು ಎತ್ತಬೇಡಿ.”

ಅತ್ತೆ ಆಗಲಿ ಎನ್ನುವಂತೆ ತಲೆಯಾಡಿಸಿದಳು.

ಮೂರನೆಯ ಭೇಟಿ ನಡೆಯಲೇ ಇಲ್ಲ. ಸುದ್ದಿ ಬಸ್ಸಿಗಿಂತ ಮುಂಚೆ ಊರು ಸೇರಿತ್ತು. ಸೋಮವಾರ ಹೆಡ್‌ಮಾಸ್ತರು ಕರೆದು, ನಿಮ್ಮ ಫಾರಮ್ಮು ಚೆನ್ನಾಗಿಯೇ ಇದೆ ಟೀಚರ್, ಆದರೆ ಅಪ್ಪ ಅಮ್ಮಂದಿರು ಬಂದು ಕೇಳುತ್ತಿದ್ದಾರೆ, ಇಪ್ಪತ್ತಾರು ವರ್ಷ ಏನು ಕಲಿಸಿದರು ಅಂತ, ಎಂದು ಉಗ್ರಾಣದ ಬೀಗದ ಕೈ ಮೇಜಿನ ಮೇಲಿಟ್ಟರು. ಐದನೇ ತರಗತಿ ಹೊಸ ಮಾಸ್ತರಿಗೆ ಹೋಯಿತು. ಅವನು ಆ ತೆನೆಗಳನ್ನೇ ಇಟ್ಟುಕೊಂಡು ಪಾಠ ಮಾಡಿದ. ಅಂಗಡಿಯವನು ಅವಳು ಕೊಂಡ ಸಾಮಾನಿನ ಲೆಕ್ಕವನ್ನು ಎರಡು ಸಲ ಕೂಡಿ, ಚೀಟಿಯನ್ನು ಅವಳ ಕಡೆ ತಿರುಗಿಸಿ, ಸರಿ ಇದೆಯಾ ನೋಡಿ ಟೀಚರ್, ಎಂದು ಹಲ್ಲು ಕಿರಿದ.

ಬುಧವಾರ ಊಟದ ಬಿಡುವಿನಲ್ಲಿ ಅವಳು ಉಗ್ರಾಣದ ಕಿಟಕಿಯ ಪಕ್ಕ ಹಾಜರಿ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದಳು. ಹೊರಗೆ ಗೋಡೆಸಾಲಿನ ಮಕ್ಕಳು ಟೀಚರಾಟ ಆಡುತ್ತಿದ್ದರು. ಟೀಚರ್ ಆದವಳು ಸೊಂಟಕ್ಕೆ ಕೈಯಿಟ್ಟು, ಅತ್ತೆಯದೇ ದನಿಯಲ್ಲಿ, “ಅಚ್ಚಿನ ತಪ್ಪು, ಹೊಡೆದುಹಾಕಿ,” ಎಂದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಅಣಕ ಕರಾರುವಾಕ್ಕಾಗಿತ್ತು, ದಿನವೂ ಹತ್ತಿರದಿಂದ ನೋಡಿದವರಿಗೆ ಮಾತ್ರ ಬರುವಂಥದ್ದು. ಟೀಚರ್ ಆಗಿದ್ದವಳು ಮೊಮ್ಮಗಳೇ, ಅವಳ ಎರಡು ಜಡೆಯೂ ನಗುವಿಗೆ ಕುಣಿಯುತ್ತಿದ್ದವು.

ಮರುದಿನ ಬೆಳಿಗ್ಗೆ ಹುಡುಗಿ ಎಂದಿನಂತೆ ಬಾಚಣಿಗೆ ಹಿಡಿದು ಬಂದು ಅಜ್ಜಿಯ ಮೊಣಕಾಲುಗಳ ನಡುವೆ ಬೆನ್ನು ಹಾಕಿ ಕೂತಳು. ಅತ್ತೆ ಬೈತಲೆ ತೆಗೆದಳು. ಬಲಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿದಳು. ಎಡಗಡೆಯ ಕೂದಲನ್ನು ಕೈಗೆ ತೆಗೆದುಕೊಂಡು ಜಡೆಗೆ ಮೂರು ಕಾಲು ಮಾಡಿದಳು. ಆಮೇಲೆ ಬಿಟ್ಟುಬಿಟ್ಟಳು.

“ಎದ್ದೇಳು.”

“ಇನ್ನೊಂದು ಜಡೆ ಅಜ್ಜೀ.”

“ನಿಮ್ಮಮ್ಮನ ಹತ್ತಿರ ಹಾಕಿಸ್ಕೋ. ನಿನ್ನ ಲೆಕ್ಕ ಚುಕ್ತಾ ಆಯ್ತಂತೆ, ಅವಳೇ ಹೇಳಿದಾಳೆ. ಇನ್ನು ಮೇಲೆ ಊಟಕ್ಕೂ ಸ್ನಾನಕ್ಕೂ ಅವಳನ್ನೇ ಕೇಳು, ನನ್ನ ಹತ್ತಿರ ಬರಬೇಡ.”

ಹುಡುಗಿ ತಮಾಷೆಯೆಂದು ತಿಳಿದು ಕೂತೇ ಇದ್ದಳು. ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿದಳು, ಕೊಡವನ್ನು ಸರಿಸಿ ಇಡುವ ಹಾಗೆ. ಬಾಗಿಲಲ್ಲಿ ಸೊಸೆ ಬ್ಯಾಗು ಹೆಗಲಿಗೆ ಹಾಕಿ ನಿಂತಿದ್ದಳು. ಬಸ್ಸಿನ ಹೊತ್ತಾಗಿತ್ತು. ಬಾಚಣಿಗೆ ತೆಗೆದುಕೊಂಡು ಎಡಗಡೆಯ ಕೂದಲಿಗೆ ಕೈ ಹಾಕಿದಳು. ಸಿಕ್ಕು ಎಳೆದು ಹುಡುಗಿ ಚೀರಿದಳು. ಸೊಸೆ ಮತ್ತೆ ಮೊದಲಿನಿಂದ ಹಿಡಿದಳು. ಹತ್ತು ವರ್ಷದಲ್ಲಿ ಅವಳು ಒಮ್ಮೆಯೂ ಆ ಕೂದಲು ಹೆಣೆದಿರಲಿಲ್ಲ. ಜಡೆಯ ಒಂದು ಕಾಲು ದಪ್ಪ, ಇನ್ನೊಂದು ಸಣ್ಣ, ಬಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು.

“ಅತ್ತೆ, ಇವತ್ತೊಂದು ದಿನ.”

ಅತ್ತೆ ಉಳಿದ ತೆನೆಯ ರಾಶಿಯನ್ನು ಹತ್ತಿರ ಎಳೆದುಕೊಂಡಿದ್ದಳು. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿ, ನಿಂತು, ಹೋಯಿತು. ಒಂದು ಕಡೆ ಜಡೆ, ಒಂದು ಕಡೆ ಕೆದರಿದ ಕೂದಲು ಇಟ್ಟುಕೊಂಡು ಹುಡುಗಿ ಇಬ್ಬರ ನಡುವೆ ಅಳುತ್ತ ನಿಂತಿದ್ದಳು. ಅತ್ತೆ ಏಳನೆಯ ತೆನೆಗೆ ಎಂಟನೆಯದನ್ನು ಸೇರಿಸಿ ಹೆಣೆದಳು.